ಎರಡು ಕಚೇರಿಗಳ ನಡುವೆ ಒಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆಯನ್ನು ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಮನೆಯನ್ನು ಮಾರುವುದೆಂದರೆ ಮನೆತನವೇ ಮುಳುಗಿದ ಲಕ್ಷಣವೆಂದು ಭಾವಿಸಲಾಗುತ್ತಿತ್ತು. ಆದುದರಿಂದ ಅದನ್ನು ಗಾದೆಯಲ್ಲಿ ಸೇರಿಸುವ ಪ್ರಸಂಗವೇ ಬರಲಿಲ್ಲವೆಂದು ತೋರುತ್ತದೆ. ಈಗ ಕಾಲ ಬೇರೆಯಾಗಿದೆ. ಮುಂಬಯಿ, ಪುಣೆ, ಥಾಣೆಗಳಲ್ಲಿ ನಾಲ್ಕೈದು ದಶಕ ದುಡಿದು ಮುಪ್ಪನ್ನು ಮುಟ್ಟಿದ ನಮ್ಮವರಲ್ಲಿ ಅನೇಕರು ಊರಿನ ಬೀಗ ಹಾಕಿದ ಮನೆಯನ್ನು ಮಾರಿ, ಇಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿ ಎರಡು ಕೋಣೆಗಳನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ. ಯೋಚನೆ ಸರಳವಾದುದು. ಅದು ಕೈಗೂಡುವ ದಾರಿ ಮಾತ್ರ ಎರಡು ರಾಜ್ಯಗಳ, ಎರಡು ಭಾಷೆಗಳ, ಹತ್ತಾರು ಕಚೇರಿಗಳ ಮೆಟ್ಟಿಲುಗಳ ಮೇಲೆ ಹಾದು ಹೋಗುತ್ತದೆ.

ವಾಚಕರು ಒಬ್ಬ ಗೃಹಸ್ಥರನ್ನು ಮನಸ್ಸಿಗೆ ತಂದುಕೊಳ್ಳಲಿ. ಇವರು ಕಲ್ಪಿತ ವ್ಯಕ್ತಿ. ಆದರೆ ಇವರ ಬಂಧುಗಳು ನಮ್ಮ ಪ್ರತಿಯೊಂದು ಸಂಘದಲ್ಲಿಯೂ ಇದ್ದಾರೆ. ಕುಂದಾಪುರದ ಕಡೆಯವರು, ವಯಸ್ಸು ಅರುವತ್ತೆಂಟು. ಡೊಂಬಿವಲಿಯ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ವಾಸ. ಹೆಂಡತಿಗೆ ಮೊಣಕಾಲಿನ ನೋವು. ಇಳಿದರೆ ಹತ್ತುವುದು ಕಷ್ಟವೆಂದು ಆಕೆ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಮುಲುಂಡಿನಲ್ಲಿ ಒಂದು ಮನೆ ನೋಡಿ ಒಪ್ಪಿದ್ದಾರೆ. ಊರಿನ ಮನೆಗೂ ಗಿರಾಕಿ ಸಿಕ್ಕಿದ್ದಾನೆ. ಇತ್ತ ಮುಂಗಡ ಕೊಟ್ಟಾಗಿದೆ, ಅತ್ತ ಮುಂಗಡ ಪಡೆದಾಗಿದೆ. ಮೂರು ತಿಂಗಳಲ್ಲಿ ಎಲ್ಲ ಮುಗಿಯುವುದೆಂದು ಇಬ್ಬರು ದಲ್ಲಾಳಿಗಳೂ ಹೇಳಿದ್ದಾರೆ. ಇನ್ನು ಮುಂದಿನ ಕತೆಯನ್ನು ನೋಡೋಣ.

ಊರಿನ ಕಡೆಯ ಕಾಗದ

ಮೊದಲ ತೊಡಕು ಹೆಸರಿನದು. ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಇರುವುದು ಮಾಲಿಕನ ಹೆಸರು. ಅಲ್ಲಿ ನಮ್ಮ ಗೃಹಸ್ಥರ ಹೆಸರಿಲ್ಲ. ಎಂದೋ ತೀರಿಕೊಂಡ ತಂದೆಯ ಹೆಸರಿದೆ. ಅದೂ ಪೂರ್ತಿಯಾಗಿಲ್ಲ. ಶ್ರೀನಿವಾಸನೆಂಬ ಹೆಸರನ್ನು ಹಿಂದಿನ ಕಾಲದ ಶಾನುಭೋಗರು ಊರವರು ಕರೆಯುವಂತೆ ಶೀನ ಎಂದು ಬರೆದು ಮುಗಿಸಿದ್ದಾರೆ. ಅತ್ತ ಮಗನ ಹೆಸರು ಶಾಲೆಯ ದಾಖಲೆಯಲ್ಲಿ ಇನಿಶಿಯಲ್ಲಿನೊಂದಿಗೆ ಇದೆ; ಮುಂಬಯಿಯಲ್ಲಿ ರೇಷನ್ ಕಾರ್ಡು ಮಾಡಿಸಿದಾಗ ಇಲ್ಲಿಯ ಪದ್ಧತಿಯಂತೆ ಸ್ವಂತ ಹೆಸರು, ತಂದೆಯ ಹೆಸರು, ಕುಲನಾಮ ಎಂಬ ಕ್ರಮಕ್ಕೆ ಅದು ತಿರುಗಿತು. ಆಧಾರದಲ್ಲಿ ಒಂದು ವಿಧ, ಪಾನ್ ಕಾರ್ಡಿನಲ್ಲಿ ಇನ್ನೊಂದು ವಿಧ. ಊರಿನಲ್ಲಿ ಹುಟ್ಟಿದವನೂ ಮುಂಬಯಿಯಲ್ಲಿ ನಿವೃತ್ತನಾದವನೂ ಒಬ್ಬನೇ ಎಂದು ಅಫಿಡವಿಟ್ ಮಾಡಿ ರುಜುವಾತುಪಡಿಸಬೇಕಾದ ವಿಚಿತ್ರ ಸ್ಥಿತಿ ನಮ್ಮವರ ಪಾಲಿಗೆ ಬಂದಿದೆ. ಮನುಷ್ಯನು ತಾನು ಜೀವಂತನಾಗಿರುವುದನ್ನು ಪಿಂಚಣಿಗಾಗಿ ವರ್ಷಕ್ಕೊಮ್ಮೆ ರುಜುವಾತುಪಡಿಸಿದರೆ ಸಾಕು. ತಾನು ತಾನೇ ಎಂಬುದನ್ನು ಮನೆ ಮಾರುವಾಗ ಕಚೇರಿಗೊಮ್ಮೆ ರುಜುವಾತುಪಡಿಸಬೇಕು.

ತಂದೆಯ ಹೆಸರಿನಿಂದ ಮಕ್ಕಳ ಹೆಸರಿಗೆ ಖಾತೆ ಬದಲಾಗುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ಮರಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷವೆಂಬುದು ಕಾಗದದ ಮೇಲೆ ನಾಲ್ಕು ಗೆರೆಗಳಷ್ಟೆ. ಆದರೆ ಆ ಗೆರೆಗಳ ತುದಿಯಲ್ಲಿ ನಿಂತವರು ಎಲ್ಲಿದ್ದಾರೆಂಬುದು ಮುಖ್ಯ. ತಂಗಿ ಪುಣೆಯಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ, ತೀರಿಹೋದ ಅಣ್ಣನ ಮಕ್ಕಳು ದುಬಾಯಿಯಲ್ಲಿ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಸ್ವಂತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿಯೂ ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದೆ. ಇದು ನ್ಯಾಯವಾದದ್ದು, ತಡವಾಗಿ ಬಂದ ನ್ಯಾಯ. ಆದರೆ ‘ಅವಳಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಅವಳ ಸಹಿ ಯಾಕೆ?’ ಎಂದು ಇಂದಿಗೂ ಕೇಳುವ ಅಣ್ಣಂದಿರು ಇದ್ದಾರೆ. ಸಹಿ ಬೇಕು. ಸಹಿಯಿಲ್ಲದೆ ಆದ ಕ್ರಯಪತ್ರವನ್ನು ಕೊಳ್ಳುವವನ ವಕೀಲನು ಕೈಯಲ್ಲಿ ಮುಟ್ಟಲಾರ, ಮುಟ್ಟಲೂ ಬಾರದು.

ಅಳಿಯಸಂತಾನದ ಕುಟುಂಬಗಳಲ್ಲಿ ಗೋಜಲು ಇನ್ನೂ ಹೆಚ್ಚು. ಯಾರ ಕವರು, ಯಾರ ಪಾಲು, ಯಜಮಾನನ ಹೆಸರಿನಲ್ಲಿದ್ದ ವರ್ಗದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಇತ್ಯರ್ಥಗೊಳಿಸುವ ವಿಭಾಗಪತ್ರ ನೋಂದಣಿಯಾಗಿದ್ದರೆ ಪುಣ್ಯ. ಹಿರಿಯರು ಚಾವಡಿಯಲ್ಲಿ ಕುಳಿತು ಬಾಯಿಮಾತಿನಲ್ಲಿ ಹಂಚಿಕೊಂಡು, ಊಟ ಮಾಡಿ ಎದ್ದಿದ್ದರೆ, ಆ ಊಟದ ಸಾಕ್ಷಿಗಳನ್ನು ಇಂದು ಹುಡುಕುವುದು ಎಲ್ಲಿ? ಇದರ ಮೇಲೆ ನಾಗಬನ ಮತ್ತು ದೈವದ ಕೋಣೆಯ ಪ್ರಶ್ನೆ. ಮನೆ ಹೋಗಲಿ, ದೈವವನ್ನು ಹೇಗೆ ಮಾರುವುದು ಎಂದು ಕೇಳುವ ಸಂಬಂಧಿಕರ ಮಾತನ್ನು ಮೂಢತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬನವಿರುವ ಜಾಗವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಕ್ರಯಪತ್ರದಲ್ಲಿಯೇ ಬಿಟ್ಟು ಬರೆಸಿದ ಜಾಣರುಂಟು. ಅದನ್ನು ಕರಾರು ಮಾಡುವ ಮೊದಲೇ ಗಿರಾಕಿಗೆ ಹೇಳಿದರೆ ಒಪ್ಪುತ್ತಾನೆ. ನೋಂದಣಿಯ ದಿನ ಹೇಳಿದರೆ ಮುಂಗಡ ಹಿಂದಕ್ಕೆ ಕೇಳುತ್ತಾನೆ.

ಇನ್ನು ನೆಲದ ಸಂಗತಿ. ಕರಾವಳಿಯಲ್ಲಿ ಅನೇಕ ಮನೆಗಳು ನಿಂತಿರುವುದು ಹಿಂದೆ ಗೇಣಿಯಾಗಿದ್ದ ಭೂಮಿಯ ಮೇಲೆ. 1974ರ ಮಾರ್ಚ್ 1ರಂದು ಅಂಥ ಭೂಮಿಗಳು ಭೂಸುಧಾರಣಾ ಕಾನೂನಿನ ಮೇರೆಗೆ ಸರಕಾರಕ್ಕೆ ಸೇರಿ, ಡಿಕ್ಲರೇಶನ್ ಕೊಟ್ಟ ಗೇಣಿದಾರರಿಗೆ ಭೂನ್ಯಾಯಮಂಡಳಿಯ ತೀರ್ಪಿನಿಂದ ಹಕ್ಕು ಬಂದಿತು. ಆ ತೀರ್ಪಿನ ನಕಲು, ಅಧಿಭೋಗದ ಹಕ್ಕುಪತ್ರ ಇವು ಪೆಟ್ಟಿಗೆಯಲ್ಲಿ ಇವೆಯೇ? ಇಲ್ಲದಿದ್ದರೆ ತಾಲೂಕು ಕಚೇರಿಯ ದಾಖಲೆಕೋಣೆಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು ಕಾಯಬೇಕು. ದಕ್ಷಿಣ ಕನ್ನಡ 1956ರ ನವೆಂಬರ್ 1ರ ತನಕ ಮದರಾಸು ರಾಜ್ಯದಲ್ಲಿತ್ತು; ಅದಕ್ಕೂ ಹಿಂದಿನ ಕಾಗದಗಳ ರೂಪವೇ ಬೇರೆ. ಬೆಳಗಾವಿಯ ಕಡೆಯವರಿಗೆ ಮೋಡಿ ಲಿಪಿಯ ಹಳೆಯ ಕಾಗದಗಳು ಎದುರಾಗುವುದುಂಟು. ಅವನ್ನು ಓದಬಲ್ಲವರು ಈಗ ವಿರಳ.

ಕುಮ್ಕಿಯ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜ ನೆಟ್ಟ ಗೇರುಮರಗಳು ನಮ್ಮವೇ ಎಂದು ಎಲ್ಲರೂ ತಿಳಿದಿರುತ್ತಾರೆ. ವರ್ಗದಾರನಿಗೆ ಕುಮ್ಕಿಯಲ್ಲಿ ಸೊಪ್ಪು, ಕಟ್ಟಿಗೆಗಳ ಸೌಲಭ್ಯವಿತ್ತೇ ಹೊರತು ಆ ನೆಲ ಸರಕಾರದ್ದು. ಅದನ್ನು ಮಾರುವ ಅಧಿಕಾರ ಇವರಿಗಿಲ್ಲ. ಒಂದು ಎಕರೆಯೆಂದು ಹೇಳಿ ಬೆಲೆ ಕುದುರಿಸಿದ ಮೇಲೆ ಅಳತೆ ಮಾಡಿದರೆ ಅರುವತ್ತು ಸೆಂಟ್ಸು ಉಳಿಯುವ ಪ್ರಸಂಗಗಳಲ್ಲಿ ಮಾರುವವನು ಮೋಸಗಾರನಲ್ಲ, ಕೊಳ್ಳುವವನು ಜಗಳಗಂಟನಲ್ಲ. ಆದರೂ ವ್ಯವಹಾರ ಮುರಿಯುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಭೂಮಾಪಕರಿಂದ 11ಇ ನಕ್ಷೆಯಾಗಬೇಕು. ಮನೆಯಿರುವ ಜಾಗಕ್ಕೆ ಭೂಪರಿವರ್ತನೆ ಆಗಿಲ್ಲದಿದ್ದರೆ ಅದು ದಾಖಲೆಯಲ್ಲಿ ಇನ್ನೂ ಕೃಷಿಭೂಮಿಯೇ. 2020ರ ತನಕ ಕೃಷಿಕನಲ್ಲದವನು ಅಂಥ ಭೂಮಿಯನ್ನು ಕೊಳ್ಳುವಂತಿರಲಿಲ್ಲ. ಆ ವರ್ಷದ ತಿದ್ದುಪಡಿಯಿಂದ ಈ ಒಂದು ಅಡ್ಡಿ ಮಾತ್ರ ನಿವಾರಣೆಯಾಯಿತು. ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಮನೆಯೆಂದು ನೋಂದಣಿಯಾಗಬೇಕಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಪರಿವರ್ತನೆಯಿಲ್ಲದೆ ಅವು ದೊರೆಯುವುದು ಕಷ್ಟ. ಹೀಗೆ ಒಂದು ಕಾಗದವು ಇನ್ನೊಂದರ ಹಿಂದೆ, ಅದು ಮತ್ತೊಂದರ ಹಿಂದೆ ಅಡಗಿ ಕುಳಿತಿರುತ್ತದೆ.

ಪಹಣಿಯ ಹನ್ನೊಂದನೆಯ ಅಂಕಣವನ್ನು ನೋಡಲು ಮರೆಯಬಾರದು. ತಂದೆ ಪಂಪುಸೆಟ್ಟಿಗಾಗಿ ಸಹಕಾರ ಸಂಘದಿಂದ ತೆಗೆದ ಸಾಲ ತೀರಿ ಎಷ್ಟೋ ವರ್ಷಗಳಾಗಿರಬಹುದು. ಅಂಕಣದಲ್ಲಿ ಅದು ಇನ್ನೂ ಇರುತ್ತದೆ. ಸಂಘದ ಋಣಮುಕ್ತಿ ಪತ್ರ ತಂದು ಅದನ್ನು ತೆಗೆಸಬೇಕು. ಸಾಲ ಕೊಟ್ಟಾಗಿನ ಕಾರ್ಯದರ್ಶಿಯ ತರುವಾಯ ಮೂವರು ಕಾರ್ಯದರ್ಶಿಗಳು ಬಂದು ಹೋಗಿರುತ್ತಾರೆ. ‘ಆಗುತ್ತದೆ ಮಾರಾಯ್ರೆ, ಹಳೆಯ ಲೆಡ್ಜರು ಹುಡುಕಬೇಕಷ್ಟೆ. ನೀವು ಬರುವ ವಾರ ಒಂದು ಫೋನು ಮಾಡಿ’ ಎಂಬ ಉತ್ತರದಲ್ಲಿ ಸೌಜನ್ಯಕ್ಕೆ ಕೊರತೆಯಿಲ್ಲ. ಬರುವ ವಾರ ಎಂಬ ಮಾತಿಗೆ ನಮ್ಮ ಊರಿನ ಪಂಚಾಂಗದಲ್ಲಿ ತಿಥಿಯಿಲ್ಲ.

ಇದೆಲ್ಲದಕ್ಕೂ ಮುಂಬಯಿಯಿಂದ ಎಷ್ಟು ಸಲ ಓಡಾಡುವುದು? ರೈಲಿನ ಟಿಕೇಟು ಸಿಗುವುದೇ ಒಂದು ಸಾಹಸ. ಆದುದರಿಂದ ಊರಿನಲ್ಲಿರುವ ಭಾವನಿಗೋ ಸೋದರಳಿಯನಿಗೋ ಮುಖ್ತ್ಯಾರು ಕೊಡುತ್ತಾರೆ. ಇಲ್ಲಿ ಹಲವರು ಎಡವುತ್ತಾರೆ. ನೋಟರಿಯ ಮುದ್ರೆಯಿರುವ ಮುಖ್ತ್ಯಾರುನಾಮೆಯನ್ನು ಹಿಡಿದುಕೊಂಡು ಭಾವನು ಸಬ್ ರಿಜಿಸ್ಟ್ರಾರರ ಮುಂದೆ ನಿಂತರೆ ಕೆಲಸವಾಗದು. 1908ರ ನೋಂದಣಿ ಅಧಿನಿಯಮದ 33ನೆಯ ಕಲಮಿನಂತೆ, ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಮುಖ್ತ್ಯಾರು, ಕೊಡುವವನು ವಾಸಿಸುವ ಸ್ಥಳದ ಸಬ್ ರಿಜಿಸ್ಟ್ರಾರರ ಎದುರಿನಲ್ಲಿ ಬರೆದುಕೊಟ್ಟು ದೃಢೀಕೃತವಾಗಿರಬೇಕು. ಮುಖ್ತ್ಯಾರಿನಿಂದಲೇ ಆಸ್ತಿ ಕೈಬದಲಾಯಿತೆಂದು ತಿಳಿಯುವುದು ಇನ್ನೊಂದು ಅಪಾಯ. ಮುಖ್ತ್ಯಾರುನಾಮೆಯ ಮೂಲಕ ನಡೆಯುವ ‘ಮಾರಾಟ’ವು ಮಾರಾಟವೇ ಅಲ್ಲ, ನೋಂದಾಯಿತ ಕ್ರಯಪತ್ರವೊಂದೇ ಸ್ವಾಮ್ಯವನ್ನು ವರ್ಗಾಯಿಸಬಲ್ಲದು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ದಿಲ್ಲಿಯಲ್ಲಿರುವ ನಮ್ಮ ವಾಚಕರಿಗೆ ಈ ತೀರ್ಪಿನ ಬಿಸಿ ಚೆನ್ನಾಗಿ ಗೊತ್ತು. ಅಲ್ಲಿಯ ಎಷ್ಟೋ ವಸತಿಗಳಲ್ಲಿ ಮುಖ್ತ್ಯಾರಿನ ಸರಪಳಿಯ ಹೊರತು ಬೇರೆ ಕಾಗದವೇ ಇರಲಿಲ್ಲ.

ಮುಂಬಯಿಯ ಕಡೆಯ ಕಾಗದ

ಅತ್ತ ಊರಿನಲ್ಲಿ ಹೀಗಿರುವಾಗ, ಇತ್ತ ಮುಲುಂಡಿನ ಮನೆಯ ಮಾಲಿಕನು ದಿನ ಎಣಿಸುತ್ತಿದ್ದಾನೆ. ಅವನಿಗೂ ತನ್ನ ಅವಸರವಿದೆ; ಅವನು ನಾಸಿಕಿನಲ್ಲಿ ಇನ್ನೊಂದು ಮನೆಗೆ ಮುಂಗಡ ಕೊಟ್ಟಿದ್ದಾನೆ. ಒಬ್ಬನ ಪೌತಿ ಖಾತೆ ತಡವಾದರೆ ಮೂವರು ಗೃಹಸ್ಥರ ಗೃಹಪ್ರವೇಶ ನಿಲ್ಲುತ್ತದೆ. ಈ ಸರಪಳಿಯನ್ನು ದಲ್ಲಾಳಿಗಳು ಬಲ್ಲರು, ಆದರೆ ಹೇಳುವುದಿಲ್ಲ.

ಮುಂಬಯಿಯಲ್ಲಿ ಮನೆಗಳ ಕಾಗದಗಳಿಗೆ ಒಂದು ಇತಿಹಾಸವಿದೆ. 1947ರ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಗಳನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಅದರ ನೆರಳಿನಲ್ಲಿ ಪಗಡಿ ಪದ್ಧತಿ ಬೆಳೆಯಿತು. ಫೋರ್ಟ್, ಗಿರ್ಗಾಂವ್, ಪರೇಲುಗಳ ಚಾಳುಗಳಲ್ಲಿ ನಮ್ಮ ಹಿರಿಯರು ಕೊಟ್ಟದ್ದು ಬೆಲೆಯೂ ಅಲ್ಲ, ಠೇವಣಿಯೂ ಅಲ್ಲ, ರಸೀದಿಯಿಲ್ಲದ ಪಗಡಿ. ಪಗಡಿಯ ಲೇವಾದೇವಿಯನ್ನು ಕಾನೂನು ಒಪ್ಪಿಕೊಂಡದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 56ನೆಯ ಕಲಮಿನಿಂದ. ಆ ಅಧಿನಿಯಮ 2000ದ ಮಾರ್ಚ್ 31ರಂದು ಜಾರಿಗೆ ಬಂದಿತು. ಪಗಡಿಯ ಕೋಣೆಯನ್ನು ಬಿಟ್ಟು ಬೇರೆ ಮನೆ ಕೊಳ್ಳುವವರು ಇಂದಿಗೂ ಕಟ್ಟಡದ ಮಾಲಿಕನ ಒಪ್ಪಿಗೆಯನ್ನು ಪಡೆದು, ಬಂದ ಹಣದಲ್ಲಿ ಒಂದು ಪಾಲನ್ನು, ರೂಢಿಯಲ್ಲಿ ಬಹುಮಟ್ಟಿಗೆ ಮೂರರಲ್ಲೊಂದನ್ನು, ಅವನಿಗೆ ಕೊಡಬೇಕಾಗುತ್ತದೆ.

ಸಹಕಾರಿ ಗೃಹಸಂಸ್ಥೆಯ ಮನೆಯಾದರೆ ಶೇರು ಪ್ರಮಾಣಪತ್ರವಿದೆ, ಸರಪಳಿಯ ಕರಾರುಪತ್ರಗಳಿವೆ. ಮೊದಲ ಮಾಲಿಕನು ಬಿಲ್ಡರನಿಂದ ಕೊಂಡ ಕರಾರು, ಅವನಿಂದ ಎರಡನೆಯವನು ಕೊಂಡದ್ದು, ಹೀಗೆ. ಇವುಗಳಲ್ಲಿ ಒಂದು ಕಳೆದುಹೋಗಿದ್ದರೂ ಬ್ಯಾಂಕು ಹಿಂದೆ ಸರಿಯುತ್ತದೆ. ಪೊಲೀಸು ಠಾಣೆಯಲ್ಲಿ ಕಳೆದ ಬಗ್ಗೆ ದಾಖಲೆ, ವೃತ್ತಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಕಾಯುವ ದಿನಗಳು, ಬಳಿಕ ಇಂಡೆಮ್ನಿಟಿ ಬಾಂಡು. ಮನೆಯ ಮಾಲಿಕ ತೀರಿಕೊಂಡು ನಾಮಿನಿಯು ಮಾರುತ್ತಿದ್ದರೆ ವಿಶೇಷ ಎಚ್ಚರ ಬೇಕು. ಗೃಹಸಂಸ್ಥೆಯು ನಾಮಿನಿಯ ಹೆಸರಿಗೆ ಶೇರನ್ನು ವರ್ಗಾಯಿಸಬೇಕೆಂದೂ, ಆದರೆ ಅದರಿಂದ ವಾರಸುದಾರರ ಹಕ್ಕಿಗೆ ಬಾಧೆಯಿಲ್ಲವೆಂದೂ 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ನಾಮಿನಿ ಎಂದರೆ ಒಡೆಯನೆಂದು ನಮ್ಮವರಲ್ಲಿ ಬೇರೂರಿರುವ ನಂಬಿಕೆಯಿಂದ ಅಣ್ಣತಮ್ಮಂದಿರ ನಡುವೆ ಆಗಿರುವ ಮನಸ್ತಾಪಗಳಿಗೆ ಲೆಕ್ಕವಿಲ್ಲ.

ಗೃಹಸಂಸ್ಥೆಯ ನಿರಾಕ್ಷೇಪಣಾ ಪತ್ರದ ಕತೆ ಸ್ವಾರಸ್ಯಕರವಾದುದು. ಮಹಾರಾಷ್ಟ್ರದ ಮಾದರಿ ಉಪನಿಯಮಗಳ ಪ್ರಕಾರ ಶೇರು ವರ್ಗಾವಣೆಗೆ ಅಂಥ ಪತ್ರ ಅಗತ್ಯವೇ ಇಲ್ಲ. ಆದರೆ ಸಾಲ ಕೊಡುವ ಬ್ಯಾಂಕು ಅದನ್ನು ಕೇಳುತ್ತದೆ. ಬ್ಯಾಂಕು ಕೇಳುವುದರಿಂದ ಸಂಸ್ಥೆಯ ಕಾರ್ಯದರ್ಶಿಗೆ ಅದು ತನ್ನ ಕೈಯಲ್ಲಿರುವ ಬೀಗದ ಕೈಯೆಂದು ತಿಳಿಯುತ್ತದೆ. ಬಾಕಿಯಿದ್ದ ನಿರ್ವಹಣಾ ವೆಚ್ಚ, ಎಂದೋ ಮಾಡಿದ ಕಿಟಕಿಯ ಬದಲಾವಣೆ, ವಾರ್ಷಿಕ ಸಭೆಯಲ್ಲಿ ಆಡಿದ ಎರಡು ಬಿರುಸು ಮಾತು, ಎಲ್ಲವೂ ಆಗ ನೆನಪಿಗೆ ಬರುತ್ತವೆ. ವರ್ಗಾವಣೆಯ ಪ್ರೀಮಿಯಂ ಎಂದು ದೊಡ್ಡ ಮೊತ್ತ ಕೇಳುವ ಸಂಸ್ಥೆಗಳೂ ಇವೆ. 2001ರ ಆಗಸ್ಟ್ 9ರ ಸರಕಾರಿ ಸುತ್ತೋಲೆಯ ಮೇರೆಗೆ ಮಹಾನಗರಪಾಲಿಕೆಗಳ ಕ್ಷೇತ್ರದಲ್ಲಿ ಅದು 25,000 ರೂಪಾಯಿಗಳನ್ನು ಮೀರುವಂತಿಲ್ಲ. ‘ಕಟ್ಟಡ ನಿಧಿಗೆ ದೇಣಿಗೆ’ ಎಂದು ಹೆಸರು ಬದಲಾಯಿಸಿ ಕೇಳಿದರೆ ಕೊಡಬೇಕಾದದ್ದೇನೂ ಇಲ್ಲ. ಆದರೂ ಅವಸರದಲ್ಲಿರುವವನು ಕೊಟ್ಟುಬಿಡುತ್ತಾನೆ. ಆ ಅವಸರವೇ ಅವರ ಬಂಡವಾಳ.

ಹೊಸ ಕಟ್ಟಡದಲ್ಲಿ ಕೊಳ್ಳುವವರ ಪಾಡು ಬೇರೆ. 1963ರ ಮಾಲಿಕತ್ವದ ಫ್ಲಾಟುಗಳ ಕಾನೂನಿನ ನಿಯಮದಂತೆ ಗೃಹಸಂಸ್ಥೆ ಸ್ಥಾಪನೆಯಾದ ನಾಲ್ಕು ತಿಂಗಳೊಳಗೆ ಬಿಲ್ಡರನು ನೆಲವನ್ನು ಅದರ ಹೆಸರಿಗೆ ಮಾಡಿಕೊಡಬೇಕು. ಎಷ್ಟು ಮಂದಿ ಮಾಡಿಕೊಟ್ಟರು? ಕೊಡದವರ ಸಂಖ್ಯೆ ಬೆಳೆದುದರಿಂದಲೇ 2008ರ ತಿದ್ದುಪಡಿಯಲ್ಲಿ ಬಿಲ್ಡರನ ಸಹಿಯಿಲ್ಲದೆಯೂ ಹಸ್ತಾಂತರ ಪಡೆಯುವ ದಾರಿ ತೆರೆಯಬೇಕಾಯಿತು. 2016ರ ರೇರಾ ಕಾನೂನು 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಾದ ಮೇಲೆ ಕೆಲವು ಬಾಗಿಲುಗಳು ಮುಚ್ಚಿದವು: ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ಬಂದ ಹಣದ ಶೇಕಡ 70 ಆ ಕಟ್ಟಡಕ್ಕೆಂದೇ ಬೇರೆ ಖಾತೆಯಲ್ಲಿರಬೇಕು, ಹೇಳಿದ ತಾರೀಖಿಗೆ ಮನೆ ಕೊಡದಿದ್ದರೆ ಕೊಂಡವನು ಬಡ್ಡಿಸಹಿತ ಹಣವನ್ನು ಹಿಂದಕ್ಕೆ ಕೇಳಬಹುದು, ಇಲ್ಲವೇ ಕಾಯುತ್ತ ತಿಂಗಳ ಬಡ್ಡಿ ಪಡೆಯಬಹುದು. ಕರಾರಿನಲ್ಲಿ ಗಡುವು ಬರೆದಿರದಿದ್ದರೆ ಮೂರು ವರ್ಷ ಸಮಂಜಸವಾದ ಅವಧಿಯೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಮುಂಬಯಿಯದೇ ಒಂದು ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ. ಆದೇಶ ಸಿಕ್ಕಿತೆಂದರೆ ಹಣ ಸಿಕ್ಕಿತೆಂದಲ್ಲ. ವಸೂಲಿಗೆ ಕಲೆಕ್ಟರರ ಕಚೇರಿಗೆ ಹೋಗಬೇಕು, ಅಲ್ಲಿ ಮತ್ತೊಂದು ಸಾಲು.

ಗಡಿಯಾರ ಯಾರ ಕೈಯಲ್ಲಿ?

ಕಾನೂನು ನಾಗರಿಕನಿಗೆ ವಿಧಿಸಿರುವ ಗಡುವುಗಳನ್ನು ಒಮ್ಮೆ ನೋಡಿದರೆ ನಮ್ಮ ಗೃಹಸ್ಥರ ಸಂಕಟ ಸ್ಪಷ್ಟವಾಗುತ್ತದೆ. ಸಹಿ ಮಾಡಿದ ದಸ್ತಾವೇಜನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಮೀರಿದರೆ ದಂಡ ತೆತ್ತು ಇನ್ನು ನಾಲ್ಕು ತಿಂಗಳು. ಬ್ಯಾಂಕಿನ ಸಾಲದ ಮಂಜೂರಾತಿ ಕೆಲವು ತಿಂಗಳು ಮಾತ್ರ ಊರ್ಜಿತ. ಊರಿನ ಮನೆ ಮಾರಿದ ಲಾಭದ ಮೇಲಿನ ತೆರಿಗೆಯಿಂದ ವಿನಾಯಿತಿ ಬೇಕಾದರೆ ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬೇಕು, ಕಟ್ಟುವುದಾದರೆ ಮೂರು ವರ್ಷ. ಅದುವರೆಗೆ ಬಳಸದ ಹಣವನ್ನು ರಿಟರ್ನಿನ ಗಡುವಿನೊಳಗೆ ಬ್ಯಾಂಕಿನ ಬಂಡವಾಳ ಲಾಭದ ವಿಶೇಷ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಠೇವಣಿಯಲ್ಲಿಟ್ಟು ನೆಮ್ಮದಿಯಿಂದಿದ್ದವರು ವಿನಾಯಿತಿಯನ್ನು ಕಳೆದುಕೊಂಡಿದ್ದಾರೆ. ಆದರೆ ಪೌತಿ ಖಾತೆಗೆ, 11ಇ ನಕ್ಷೆಗೆ, ಹಳೆಯ ಲೆಡ್ಜರಿಗೆ ನಾಗರಿಕನು ಗಡುವು ಹಾಕುವಂತಿಲ್ಲ. ಸಕಾಲವೆಂಬ ಯೋಜನೆ ಕರ್ನಾಟಕದಲ್ಲಿ 2012ರಿಂದ ಇದೆ. ಅದರಲ್ಲಿ ಸೇವೆಗೆ ದಿನಗಳು ನಿಗದಿಯಾಗಿವೆ. ಅರ್ಜಿ ಕೊಟ್ಟಾಗ ಸ್ವೀಕೃತಿಯ ಸಂಖ್ಯೆಯನ್ನು ಕೇಳಿ ಪಡೆದವರಿಗೆ ಅದು ಪ್ರಯೋಜನಕ್ಕೆ ಬಂದೀತು. ಭಾವನ ಸ್ನೇಹಿತನ ಮೂಲಕ ಕಾಗದ ಒಳಗೆ ಕಳುಹಿಸಿದವರಿಗೆ ಸಂಖ್ಯೆ ಎಲ್ಲಿಯದು?

ಹಣದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಮುಂಬಯಿಯಲ್ಲಿ ಒಂದು ಕೋಟಿಯ ಮನೆಗೆ ಶೇಕಡ 6ರಂತೆ ಆರು ಲಕ್ಷ ಮುದ್ರಾಂಕ ಶುಲ್ಕ. ಹೆಂಗಸರ ಹೆಸರಿನಲ್ಲಿ ಮಾತ್ರ ಕೊಂಡರೆ ಶೇಕಡ 1 ಕಡಿಮೆ. ನೋಂದಣಿ ಶುಲ್ಕ 30,000 ರೂಪಾಯಿ. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಕೊಳ್ಳುವವನೇ ಶೇಕಡ 1ನ್ನು ಮುರಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. ಅಷ್ಟೇ ಮೊತ್ತದ ದಂಡ ಬೀಳಬಹುದು. ‘ಸ್ವಲ್ಪ ಕಪ್ಪು, ಸ್ವಲ್ಪ ಬಿಳಿ’ ಎಂದು ಊರಿನ ಗಿರಾಕಿ ಹೇಳಿದಾಗ ಇಲ್ಲವೆನ್ನುವುದು ನೀತಿಯ ಮಾತಷ್ಟೇ ಅಲ್ಲ. ಇಲ್ಲಿ ಮುಲುಂಡಿನ ಮನೆಗೆ ಚೆಕ್ಕಿನಲ್ಲಿ ಕೊಡಬೇಕಾದ ಹಣ ಅಲ್ಲಿ ನೋಟಿನ ಕಟ್ಟಾಗಿ ಬಂದರೆ ಅದು ಯಾವ ಕೆಲಸಕ್ಕೂ ಬಾರದು.

ನನ್ನ ಅಭಿಪ್ರಾಯದಲ್ಲಿ ಮಾಡಬೇಕಾದ ಕ್ರಮ ದಲ್ಲಾಳಿಗಳು ಹೇಳುವುದಕ್ಕೆ ತದ್ವಿರುದ್ಧವಾದುದು. ಗಿರಾಕಿಯನ್ನು ಹುಡುಕುವುದಕ್ಕೆ ಒಂದು ವರ್ಷ ಮೊದಲೇ, ಮಾರುವ ಮನಸ್ಸು ಇನ್ನೂ ಗಟ್ಟಿಯಾಗದಿದ್ದರೂ, ಪೌತಿ ಖಾತೆ ಮಾಡಿಸಬೇಕು, ಋಣಭಾರ ಪತ್ರ ತೆಗೆಸಬೇಕು, ಅಳತೆ ಮಾಡಿಸಬೇಕು. ಇದಕ್ಕೆ ಯಾರ ಮುಂಗಡವೂ ಬೇಕಿಲ್ಲ. ಮೇ ತಿಂಗಳಲ್ಲಿ ಬಂಧುಗಳೆಲ್ಲ ಮದುವೆ, ಉಪನಯನಗಳಿಗೆ ಊರಿನಲ್ಲಿ ಸೇರುತ್ತಾರಷ್ಟೆ. ಪುಣೆಯ ತಂಗಿಯೂ ಹುಬ್ಬಳ್ಳಿಯ ತಮ್ಮನೂ ದುಬಾಯಿಯ ಮಕ್ಕಳೂ ಒಂದೇ ಚಪ್ಪರದ ಕೆಳಗೆ ಇರುವ ಆ ಎರಡು ದಿನಗಳಲ್ಲಿ ಸಬ್ ರಿಜಿಸ್ಟ್ರಾರರ ಕಚೇರಿಗೆ ಒಂದು ಸುತ್ತು ಹೋಗಿ ಬಂದರೆ ಒಂದು ವರ್ಷದ ಪತ್ರವ್ಯವಹಾರ ಉಳಿಯುತ್ತದೆ. ಮುಹೂರ್ತದ ಗಡಿಬಿಡಿಯಲ್ಲಿ ಈ ಮಾತು ಎತ್ತುವುದು ಚೆನ್ನಲ್ಲವೆಂದು ಕೆಲವರು ಸಂಕೋಚಪಡುತ್ತಾರೆ. ಸಾವಿನ ಹದಿಮೂರನೆಯ ದಿನ ಎತ್ತುವುದಕ್ಕಿಂತ ಅದು ಮೇಲು.

ಕರಾರಿನಲ್ಲಿಯೂ ಒಂದು ವಾಕ್ಯ ಅವಶ್ಯವಾಗಿರಬೇಕು: ಸರಕಾರಿ ಕಚೇರಿಯಿಂದ ಕಾಗದ ಬರುವುದು ತಡವಾದರೆ ಅವಧಿ ಎಷ್ಟು ಮುಂದುವರಿಯುತ್ತದೆ, ಮುರಿದರೆ ಮುಂಗಡ ಯಾರಿಗೆ. ಸಂಬಂಧಿಕನೇ ಕೊಳ್ಳುವವನಾದರೆ ಇದನ್ನು ಬರೆಸಲು ನಾಚುತ್ತಾರೆ; ಸಂಬಂಧಿಕನಾದುದರಿಂದಲೇ ಬರೆಸಬೇಕು.

ನಮ್ಮ ಗೃಹಸ್ಥರ ವ್ಯವಹಾರ ಕಡೆಗೂ ಮುಗಿಯಿತೆಂದೇ ಇಟ್ಟುಕೊಳ್ಳೋಣ. ಮೂರು ತಿಂಗಳ ಮಾತು ಹದಿನಾಲ್ಕು ತಿಂಗಳಾಯಿತು. ನಡುವೆ ಮುಲುಂಡಿನ ಮಾಲಿಕನು ಎರಡು ಸಲ ಬೆಲೆ ಏರಿಸಿದ. ಮನೆಯ ಬೀಗದ ಕೈ ಸಿಕ್ಕಿದೆ, ಆಕೆ ಲಿಫ್ಟಿನಲ್ಲಿ ಇಳಿದು ಸಂಜೆ ಹತ್ತು ಹೆಜ್ಜೆ ನಡೆದು ಬರುತ್ತಾರೆ. ಆದರೆ ಶೇರು ಪ್ರಮಾಣಪತ್ರದ ಹಿಂಬದಿಯಲ್ಲಿ ಇವರ ಹೆಸರು ಬರೆಯಲು ಸಂಸ್ಥೆಯ ಸಮಿತಿ ಸೇರಬೇಕಾಗಿದೆ. ಕೋರಮ್ಮಿಲ್ಲದೆ ಸಭೆ ಎರಡು ಸಲ ಮುಂದೆ ಹೋಗಿದೆ. ಕಾರ್ಯದರ್ಶಿ ರಜೆಯಲ್ಲಿ ಊರಿಗೆ ಹೋಗಿದ್ದಾರಂತೆ, ತಮ್ಮ ತಂದೆಯ ಮನೆಯ ಪೌತಿ ಖಾತೆ ಮಾಡಿಸುವುದಕ್ಕೆ.